ಬಚ್ಚಲೊಲೆ ಕಟ್ಟೆಯ ಸೆಲ್ಲುಗಳು

ಸೌಜನ್ಯ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಕೊಳಲು ಬಂತು, ತಬಲಾ ಬಂತು, ಪಲ್ಲವಿ ಎತ್ತಿಕೊಳ್ಳುವ ಜಾಗವೂ ಬಂದು ಹೋಯಿತು. ಸಮತಾ ಬಾಯಿ ತೆರೆದವಳು ತೆರೆದ ಹಾಗೇ ನಿಂತಿದ್ದಳು.

“ಎಂತ ಆಯ್ತು? ಎಲ್ಲಿ ತಗೋಬೇಕು ಅಂತ ಗೊತ್ತಾಗ್ಲಿಲ್ವಾ?” ಎಂದು ಸೌಜನ್ಯ ಕೇಳಿದಳು.

“ಇದು ಬೇರೆ ಯಾವ್ದೋ ಹಾಡು,” ಎಂದಳು ಸಮತಾ.

ಎರಡು ವಾರದಲ್ಲಿ ಅವಳ ಬಾಯಿಂದ ಹೊರಬಿದ್ದ ಮೊದಲ ಮಾತು ಅದು. ಹೊಸನಗರದ ಪೇಟೆಯಲ್ಲಿ ಅವಳದೊಂದು ಮೆಡಿಕಲ್ ಶಾಪ್ ಇದೆ. ಮಾತ್ರೆ ಬೆಳಿಗ್ಗೆಗೊಂದು, ರಾತ್ರಿಗೊಂದು ಎಂಬುದನ್ನೆಲ್ಲ ಅಷ್ಟು ದಿನವೂ ಬೆರಳಲ್ಲೇ ತೋರಿಸಿ ವ್ಯಾಪಾರ ಮಾಡಿದ್ದಳು. ಕೇಳಿದವರಿಗೆಲ್ಲ ಅವಳ ಅಪ್ಪ ಅನಂತರಾಜರೇ ಉತ್ತರ ಕೊಡುತ್ತಿದ್ದರು: ಮಗಳು ಮೌನವ್ರತ ಹಿಡಿದಿದ್ದಾಳೆ, ಹಾಡಿನ ದಿನದವರೆಗೆ ಮಾತಿಲ್ಲ. ಜೈನರ ಮನೆಗಳಲ್ಲಿ ಮೌನ ಹಿಡಿದವರನ್ನು ಯಾರೂ ಕೆಣಕುವುದಿಲ್ಲ. ಬಸದಿಯಲ್ಲಿ ಹಿರಿಯರು ಅವಳಿಗೆ ಕೈಮುಗಿದು ಹೋದದ್ದೂ ಉಂಟು. ಅವರು ಕೈಮುಗಿದಾಗಲೆಲ್ಲ ಸಮತಾಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಏಕೆಂದರೆ ವ್ರತವೂ ಇಲ್ಲ, ಮಣ್ಣೂ ಇಲ್ಲ. ಸಾಗರದ ಗಂಟಲು ಡಾಕ್ಟರು ಅವಳ ಬಾಯಿಗೆ ಬೀಗ ಹಾಕಿಸಿದ್ದರು.

ಗಂಟಲ ತಂತುಗಳ ಮೇಲೆ ಎರಡೂ ಕಡೆ ಗಂಟು, ಒಂದರಲ್ಲಿ ಆಗಲೇ ರಕ್ತ ಒಸರಿದೆ, ಹಾಡಿನ ದಿನದ ಮುಂದಿನ ಗುರುವಾರ ಮಂಗಳೂರಿನಲ್ಲಿ ಆಪರೇಷನ್. ಅಲ್ಲಿಯವರೆಗೆ ಹಾಡು ಪೂರ್ತಿ ಬಂದ್ ಎಂದು ಡಾಕ್ಟರು ಹೇಳಿದಾಗ ಅವಳು ಒಂದೇ ಒಂದು ಹಾಡಿಗೆಂದು ಗೋಗರೆದಿದ್ದಳು. ಅವರು ಪೆನ್ನು ಕೆಳಗಿಟ್ಟು, “ಮಾತಾಡೋ ದನೀಲಿ, ತಗ್ಗಿನಲ್ಲಿ ಹಾಡೋದಾದ್ರೆ ಹಾಡ್ಕೊಳ್ಳಿ. ಮೇಲೆ ಹೋದ್ರೆ ಮತ್ತೆ ಒಡೆಯುತ್ತೆ. ಒಡೆದ್ರೆ ಆಮೇಲೆ ನಿಮ್ಮ ದನಿ ವಾಪಸ್ ಕೊಡೋದು ಯಾರ ಕೈಲೂ ಆಗಲ್ಲ,” ಎಂದಿದ್ದರು. ಅವಳು ತಲೆಯಾಡಿಸಿ ಬಂದಿದ್ದಳು. ಅವಳು ಹಾಡಬೇಕಾದ ಹಾಡಿಗೆ ತಗ್ಗೆಂಬುದೇ ಇರಲಿಲ್ಲ. ಹಾಡಿಯೇ ತೀರುವುದು, ಆದದ್ದಾಗಲಿ ಎಂದು ಒಳಗೊಳಗೇ ತೀರ್ಮಾನಿಸಿಕೊಂಡಿದ್ದಳು. ಗಂಟಲಿನ ಈ ಸಂಗತಿ ಗೊತ್ತಿದ್ದದ್ದು ಗಂಡ ಭರತೇಶನೊಬ್ಬನಿಗೆ. ಅವನು ಎರಡು ವಾರದಿಂದ ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ಆ ಹಾಡು ಇದ್ದದ್ದು ‘ಕಡವಿನ ಹಾಡುಗಳು’ ಎಂಬ ಕ್ಯಾಸೆಟ್ಟಿನ ಎರಡನೇ ಮಗ್ಗುಲಿನ ಕೊನೆಯಲ್ಲಿ. ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಕಾಮಾಕ್ಷಮ್ಮನವರು ಬರೆದು, ರಾಗ ಹಾಕಿ, ತಾವೇ ಹಾಡಿದ ಎಂಟು ಹಾಡುಗಳ ಕ್ಯಾಸೆಟ್ಟು. ಅದೇ ಮೊದಲು, ಅದೇ ಕೊನೆ. ಮೂವತ್ತು ವರ್ಷದ ಹಿಂದೆ ಐನೂರು ಪ್ರತಿ ಬಂದು, ಮಾರಾಟವಾದಷ್ಟು ಆಗಿ, ಉಳಿದವಕ್ಕೆ ಬೂಷ್ಟು ಹಿಡಿದು ಹೋಗಿತ್ತು. ಆಮೇಲೆ ಕಾಮಾಕ್ಷಮ್ಮ ಹಾಡಿದ್ದನ್ನು ಕೇಳಿದವರಿಲ್ಲ. ಕ್ಯಾಸೆಟ್ಟು ಉಳಿದದ್ದು ಸಮತಾಳ ಗಂಟಲಿನಲ್ಲಿ ಮಾತ್ರ.

ಉಳಿದದ್ದು ಅಂದರೆ ಹೇಗೆ! ಹನ್ನೊಂದರ ಹುಡುಗಿ ಮೊದಲ ಸಲ ಕೇಳಿದಾಗ, ಹಾಡುತ್ತಿರುವುದು ತನ್ನದೇ ವಯಸ್ಸಿನವಳು ಎಂದುಕೊಂಡಿದ್ದಳು. ಅಷ್ಟು ಎಳೆಯ, ಅಷ್ಟು ಚುರುಕಿನ ದನಿ. ಎಸ್ಸೆಸ್ಸೆಲ್ಸಿಯ ಲೆಕ್ಕ ತಲೆಗೆ ಹತ್ತಿದ್ದು ಮೊದಲ ಮಗ್ಗುಲಿನ ಎರಡನೇ ಹಾಡಿನ ಜೊತೆ. ಹೆರಿಗೆಯ ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಗುನುಗಿದ್ದು ಅದೇ ಕ್ಯಾಸೆಟ್ಟಿನ ಐದನೆಯದು. ಭರತೇಶ ಹೆಣ್ಣು ನೋಡಲು ಬಂದಾಗ ಹಾಡು ಎಂದರೆ, ಉಳಿದ ಹುಡುಗಿಯರ ಹಾಗೆ ನಾಚದೆ ಕೊನೆಯ ಹಾಡನ್ನೇ ಎತ್ತಿ ಮನೆಯ ಹೆಂಚು ಹಾರಿಸಿದ್ದಳು. ಗಂಡಿನ ಕಡೆಯವರು ತಿಂಡಿ ಬಿಟ್ಟು ಅವಳನ್ನೇ ನೋಡಿದರು. ನಾನು ಯಾರು ಎಂದು ಯಾರಾದರೂ ಕೇಳಿದ್ದರೆ ಅವಳು ಆ ಕ್ಯಾಸೆಟ್ಟನ್ನೇ ತೋರಿಸುತ್ತಿದ್ದಳು.

ಕೊನೆಯ ಹಾಡಿನ ಸಾಲು ಹೀಗಿತ್ತು: ‘ಹೊತ್ತು ಮುಳುಗುವ ಮುನ್ನ ಬಾ ಮಗಳೇ, ಎಲೆ ಹಾಕಿ ಕಾದಿರುವೆ ಬಾ.’ ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮದುವೆ ಮನೆಯಲ್ಲಿ ಸಂಜೆ ಐದು ದಾಟಿತೆಂದರೆ, ಹರಟೆಗೆ ಕೂತವರನ್ನೆಲ್ಲ ಎಬ್ಬಿಸಿ ಪಂಕ್ತಿಗೆ ಕೂರಿಸುವುದೇ ದೊಡ್ಡ ಕೆಲಸ. ಯಾವುದೋ ಮದುವೆಯಲ್ಲಿ ಸಮತಾ ಮೈಕು ಹಿಡಿದು ಈ ಹಾಡು ಹಾಡಿದಳು, ಜನ ಚಪ್ಪಾಳೆ ತಟ್ಟುತ್ತ ಎಲೆಯ ಮುಂದೆ ಬಂದು ಕೂತರು. ಅಲ್ಲಿಂದ ಮುಂದೆ ಸಾಗರ, ಹೊಸನಗರದ ಜೈನರ ಮದುವೆಗಳಲ್ಲಿ ಸಂಜೆ ಊಟಕ್ಕೆ ಈ ಹಾಡು, ಹಾಡುವುದಕ್ಕೆ ಸಮತಾ ಎಂದಾಗಿಹೋಯಿತು. ಯಾರೋ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಬಿಟ್ಟಿದ್ದು ಕಾಮಾಕ್ಷಮ್ಮನ ಸೊಸೆ ಸೌಜನ್ಯಳ ಕಣ್ಣಿಗೆ ಬಿತ್ತು. ಕ್ಯಾಸೆಟ್ಟಿಗೆ ಮೂವತ್ತು ವರ್ಷ, ತೀರ್ಥಹಳ್ಳಿಯಲ್ಲೊಂದು ಕಾರ್ಯಕ್ರಮ ಮಾಡೋಣ, ಕೊನೆಯ ಹಾಡು ನಿಮ್ಮದೇ ಎಂದು ಅವಳು ಫೋನು ಮಾಡಿದಳು. ಸ್ಟುಡಿಯೋದಲ್ಲಿ ಅವತ್ತು ತೆಗೆದಿಟ್ಟಿದ್ದ ಬರೀ ವಾದ್ಯಗಳ ಟ್ರ್ಯಾಕನ್ನು ಶಿವಮೊಗ್ಗದಲ್ಲಿ ಕಂಪ್ಯೂಟರಿಗೆ ಹಾಕಿಸಿ ವಾಟ್ಸಾಪಿಗೂ ಕಳಿಸಿದಳು. ಸಮತಾ ಅದನ್ನು ತೆರೆದೂ ನೋಡಲಿಲ್ಲ. ಉಸಿರಾಡುವುದನ್ನು ಯಾರಾದರೂ ಅಭ್ಯಾಸ ಮಾಡುತ್ತಾರೆಯೇ ಎಂಬ ಜಂಬ ಅವಳದು.

ಆ ಜಂಬದ ಫಲವಾಗಿ ಈಗ, ಕಾರ್ಯಕ್ರಮದ ದಿನ ಬೆಳಿಗ್ಗೆ, ಮೇಳಿಗೆಯ ಮನೆಯ ಚಾವಡಿಯಲ್ಲಿ ಅವಳು ಬೆವರುತ್ತ ನಿಂತಿದ್ದಳು.

“ಇನ್ನೊಂದ್ಸಲ ಹಾಕಿ,” ಎಂದಳು.

ಮತ್ತೆ ಬಂದದ್ದು ಅದೇ. ಕೊಳಲು ಆಕಳಿಸಿದ ಹಾಗಿತ್ತು. ಒಂದೊಂದು ತಾಳಕ್ಕೂ ನಡುವೆ ಒಂದು ಲೋಟ ಕಾಫಿ ಕುಡಿದು ಬರುವಷ್ಟು ಬಿಡುವು. ಅವಳ ಬಾಯಿಗೆ ಸಾಲು ಬರುವ ಹೊತ್ತಿಗೆ ವಾದ್ಯಗಳು ಇನ್ನೂ ಹಿಂದೆಲ್ಲೋ ಇದ್ದವು.

“ನಿಮ್ಮ ಟ್ರ್ಯಾಕ್ ಸ್ಲೋ ಆಗಿದೆ. ಶಿವಮೊಗ್ಗದವ್ರು ಎಂತದೋ ಎಡವಟ್ಟು ಮಾಡಿದಾರೆ.”

“ಹೌದಾ? ಸ್ಪೀಡ್ ಏರಿಸಿ ನೋಡ್ಲಾ? ಏರಿಸಿದ್ರೆ ಶ್ರುತೀನೂ ಏರ್ತದೆ ಮತ್ತೆ,” ಎಂದ ಸೌಜನ್ಯ ಬೆರಳಿನಿಂದ ಪರದೆಯ ಮೇಲಿನ ಗೆರೆಯನ್ನು ಸರಿಸತೊಡಗಿದಳು. ಹಾರ್ಮೋನಿಯಂ ಲೆಕ್ಕದಲ್ಲಿ ಶ್ರುತಿ ಒಂದು ಮನೆ ಏರಿತು, ಎರಡು ಮನೆ ಏರಿತು. ಮೂರಕ್ಕೆ ಬರುತ್ತಲೇ ಸಮತಾ “ಹಾಂ, ನಿಲ್ಸಿ! ಇದೇ!” ಎಂದು ಕೂಗಿಬಿಟ್ಟಳು. ಕೊಳಲು ಸಿಳ್ಳೆಯಾಗಿತ್ತು, ತಬಲಾ ಕುಣಿಯುತ್ತಿತ್ತು. ಹನ್ನೊಂದರ ವಯಸ್ಸಿನಿಂದ ಅವಳೊಳಗೆ ತಿರುಗುತ್ತಿದ್ದ ಕ್ಯಾಸೆಟ್ಟು ಕೂದಲೆಳೆಯಷ್ಟೂ ಬದಲಾಗದೆ ಎದುರಿಗೆ ಬಂದು ನಿಂತಿತ್ತು. ಅವಳಿಗೆ ಕಣ್ಣು ತುಂಬಿ ಬಂತು.

“ಯಾರದು ಆ ಕೀರಲು? ಆರ್ಸು ಅದನ್ನ,” ಎಂದು ಒಳಗಿನಿಂದ ಗದರಿದ ದನಿ ಕೇಳಿಸಿತು.

ಕಾಮಾಕ್ಷಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಎಪ್ಪತ್ತೈದರ ಹತ್ತಿರದ, ಬೆನ್ನು ಬಾಗದ ಹೆಂಗಸು. ಸಮತಾ ಕಾಲು ಮುಟ್ಟಲು ಬಾಗಿದರೆ ಅವರು ಎರಡು ಹೆಜ್ಜೆ ಹಿಂದೆ ಸರಿದರು.

“ಮದುವೆ ಮನೇಲಿ ನೀನು ಕುಣಿಸಿದ್ದನ್ನ ಮೊನ್ನೆ ಇವಳು ಮೊಬೈಲಲ್ಲಿ ತೋರ್ಸಿದ್ಲು. ಹಂಗೆ ಹಾಡೋದನ್ನ ಯಾರು ಹೇಳಿಕೊಟ್ಟಿದ್ದು?”

“ನೀವೇ ಅಮ್ಮಾ. ನಿಮ್ಮ ಕ್ಯಾಸೆಟ್ಟೇ ನನ್ನ ಗುರು.”

“ನಾನು ಯಾವತ್ತೂ ಹಂಗೆ ಹಾಡಿಲ್ಲ.”

ಅವರು ಸೌಜನ್ಯಳಿಗೆ ಸನ್ನೆ ಮಾಡಿದರು. ಈ ಸಲ ಬಂದದ್ದು ಬರೀ ವಾದ್ಯವಲ್ಲ, ಕಾಮಾಕ್ಷಮ್ಮನೇ ಹಾಡಿದ ಮೂಲ ಪ್ರತಿ. ತುಂಬಿದ, ತಗ್ಗಿನ, ನಡುವಯಸ್ಸಿನ ಹೆಂಗಸಿನ ದನಿ. ‘ಹೊತ್ತು ಮುಳುಗುವ ಮುನ್ನ’ ಎಂದು ಒಂದು ಸಲ ಅಂದು, ಯಾರಾದರೂ ಬಂದರೇ ಎಂದು ನೋಡಲು ನಿಂತು, ಮತ್ತೆ ‘ಬಾ ಮಗಳೇ’ ಎನ್ನುತ್ತಿತ್ತು. ಸಮತಾ ಕಂಬ ಹಿಡಿದುಕೊಂಡಳು. ಇದು ಊಟಕ್ಕೆ ಕರೆಯುವ ಹಾಡಲ್ಲವೆಂದು ತಿಳಿಯಲು ಎರಡನೇ ಸಾಲೂ ಬೇಕಾಗಲಿಲ್ಲ.

“ನನ್ನ ದೊಡ್ಡ ಮಗಳು ಹೊಳೇಲಿ ಮುಳುಗಿ ಹೋದ್ಲು, ಆ ವರ್ಷ ಬರೆದದ್ದು,” ಎಂದರು ಕಾಮಾಕ್ಷಮ್ಮ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. “ಎಲೆ ಹಾಕಿ ಕಾದಿದ್ದೆ. ಬರ್ಲಿಲ್ಲ. ನೀವು ಅದನ್ನ ಪಾಯಸಕ್ಕೆ ಕರೆಯೋಕೆ ಇಟ್ಕೊಂಡಿದೀರಿ.”

ತಪ್ಪು ಹೊಕ್ಕಿದ್ದು ಎಲ್ಲಿಂದ ಎಂದು ಸಮತಾ ಹುಡುಕುತ್ತಿದ್ದಳು. ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ.

ಅಪ್ಪ ಆಗ ವಿದ್ಯುತ್ ಯೋಜನೆಯ ನೌಕರರು, ಮನೆ ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ. ಒಬ್ಬ ಮೇಷ್ಟ್ರು ಒಂದು ದಿನದ ಮಟ್ಟಿಗೆ ಕ್ಯಾಸೆಟ್ಟು ಕೊಟ್ಟಿದ್ದರು, ಮಾರನೆಯ ಬಸ್ಸಿಗೆ ಹಿಂದಿರುಗಿಸಬೇಕಿತ್ತು. ನಾಡಿಗೆಲ್ಲ ಕರೆಂಟು ಕೊಡುವ ಊರಿನಲ್ಲಿ ಅವತ್ತು ಗಾಳಿಗೆ ಕಂಬ ಬಿದ್ದು ಕರೆಂಟಿರಲಿಲ್ಲ. ಪಕ್ಕದ ಮನೆಯ ಟೇಪ್ ರೆಕಾರ್ಡರಿಗೆ ಹೊಸ ಸೆಲ್ಲು, ಅದರಲ್ಲಿ ಮೂಲ ಕ್ಯಾಸೆಟ್ಟು. ಎದುರಿಗೆ ಮುಖಾಮುಖಿ ತಮ್ಮ ಟೇಪ್ ರೆಕಾರ್ಡರು, ಅದರಲ್ಲಿ ಖಾಲಿ ಕ್ಯಾಸೆಟ್ಟು, ಮುಗಿಯುತ್ತ ಬಂದ ಸೆಲ್ಲು. ಬೇಸಿಗೆಯಾದರೆ ಸತ್ತ ಸೆಲ್ಲನ್ನು ಬಿಸಿಲಿಗಿಟ್ಟು ಜೀವ ಬರಿಸುತ್ತಿದ್ದರು. ಆಷಾಢದ ಕಾರ್ಗಲ್ಲಿನಲ್ಲಿ ಬಿಸಿಲನ್ನು ಯಾರ ಮನೆಯಿಂದ ಕಡ ತರುವುದು? ಅಪ್ಪ ಸೆಲ್ಲುಗಳನ್ನು ಬಚ್ಚಲೊಲೆಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, ಬೆಚ್ಚಗೆ ಮಾಡಿ, ಊದಿ ಒಳಗೆ ತುಂಬಿದ್ದರು. ಯಾರೂ ಉಸಿರೆತ್ತಬಾರದು ಎಂದು ಕಟ್ಟಪ್ಪಣೆ ಮಾಡಿ ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿದ್ದರು. ನಡುವೆ ಅಮ್ಮ ಶೀಲಾವತಿಗೆ ಕೆಮ್ಮು ತಡೆಯಲಾಗಲಿಲ್ಲ, ನಾಲ್ಕನೇ ಹಾಡಿನಲ್ಲಿ ಅದೂ ತುಂಬಿಕೊಂಡಿತು. ಶಾಲೆಯಿಂದ ಬಂದ ಸಮತಾಳಿಗೆ ಸಿಕ್ಕಿದ್ದು ಈ ಪ್ರತಿ, ಅದರ ಜೊತೆ ಅಪ್ಪ ಹೇಳಿದ ಈ ಕತೆ. ಬೆಚ್ಚಗಿನ ಸೆಲ್ಲು ತಣ್ಣಗಾಗುತ್ತ ಬಂದ ಹಾಗೆ ತುಂಬಿಕೊಳ್ಳುವ ಟೇಪು ನಿಧಾನವಾಗುತ್ತ ಹೋಗಿದೆ. ನಿಧಾನವಾಗಿ ತುಂಬಿಕೊಂಡದ್ದನ್ನು ಆಮೇಲೆ ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಓಡುತ್ತದೆ, ದನಿ ಮೇಲೇರುತ್ತದೆ. ಮೊದಲ ಹಾಡಿಗೆ ಕೊಂಚ, ಕೊನೆಯ ಹಾಡಿಗೆ ಮೂರು ಮನೆ.

ಅವಳು ಇದನ್ನೆಲ್ಲ ತಡವರಿಸುತ್ತ ಕಾಮಾಕ್ಷಮ್ಮನಿಗೆ ಹೇಳಿದಳು. ಹೇಳಿದ ಮೇಲೆ, ಹಾಡು ಕೆಟ್ಟದ್ದು ಅಪ್ಪನ ಸೆಲ್ಲಿನಿಂದ ಎಂಬುದು ಅಪ್ಪನಿಗೇ ಇನ್ನೂ ಗೊತ್ತಿಲ್ಲವಲ್ಲ ಎಂದು ಅವಳಿಗೆ ಹೊಳೆಯಿತು.

“ಈಗ ಸರಿಯಾದ್ದು ಹಾಡು, ನೋಡೋಣ,” ಎಂದರು ಕಾಮಾಕ್ಷಮ್ಮ.

ಸಮತಾ ಹಾಡಿದಳು. ತಗ್ಗಿನಲ್ಲಿ, ಮಾತಾಡುವಷ್ಟೇ ದನಿಯಲ್ಲಿ. ಗಂಟಲಿಗೆ ಎಲ್ಲಿಯೂ ತರಚಲಿಲ್ಲ, ಎಲ್ಲಿಯೂ ಒತ್ತಲಿಲ್ಲ. ಡಾಕ್ಟರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ಹಾಡು ಮುಗಿದಾಗ ಅವಳಿಗೆ ಸಂತೋಷವಾಗಬೇಕಿತ್ತು, ಆದದ್ದು ಸಿಟ್ಟು. ಹಾಡು ಮೊದಲಿನಿಂದಲೂ ಇಷ್ಟು ತಗ್ಗಿನಲ್ಲೇ ಇತ್ತೆಂದರೆ, ಆ ಗಂಟುಗಳನ್ನು ತಾನು ಯಾತಕ್ಕಾಗಿ ಬೆಳೆಸಿಕೊಂಡದ್ದು? ಮೂವತ್ತು ವರ್ಷ ತಾನು ಏರಿದ ಆ ಎತ್ತರ ಯಾರದ್ದೂ ಅಲ್ಲವೆಂದರೆ, ಏರಿದವಳು ಯಾರು?

“ಹಿಂಗೆ ಹಾಡೋದಾದ್ರೆ ಸಂಜೆ ಬಾ. ಇಲ್ದಿದ್ರೆ ಬರೋದೇ ಬೇಡ, ನಂಗೆ ಬೇಜಾರಿಲ್ಲ,” ಎಂದು ಕಾಮಾಕ್ಷಮ್ಮ ಒಳಗೆ ಹೋದರು.

ಮಧ್ಯಾಹ್ನ ಭರತೇಶ ಕಾರು ತಂದ. ಹಿಂದಿನ ಸೀಟಿನಲ್ಲಿ ಅನಂತರಾಜರು ಇಸ್ತ್ರಿ ಮಾಡಿದ ಬಿಳಿ ಪಂಚೆ, ಜುಬ್ಬದಲ್ಲಿ ಕೂತಿದ್ದರು. ಎಪ್ಪತ್ತೆಂಟರ ಮುಖದಲ್ಲಿ ಮದುಮಗನ ಕಳೆ.

“ಹೆಂಗಾಯ್ತು ಮಗಾ? ಅಮ್ಮಾವ್ರು ಎಂತ ಅಂದ್ರು? ಅವ್ರಿಗಿಂತ ನಿಂದೇ ಚೆಂದ ಅಂದಿರ್ಬೇಕು!” ಎಂದರು. ಅವಳು ಸುಮ್ಮನಿದ್ದುದನ್ನು ಕಂಡು ತಾವೇ ತಲೆ ಬಡಿದುಕೊಂಡರು. “ಓ, ಮೌನ! ಮರ್ತೇ ಹೋಯ್ತು ಮಾರಾಯ್ತಿ. ಇರ್ಲಿ ಇರ್ಲಿ, ಸ್ಟೇಜಲ್ಲೇ ಬಿಡು ದನೀನ.”

ಸಮತಾ ಆ ಸುಳ್ಳು ವ್ರತದ ಹಿಂದೆ ಮತ್ತೊಮ್ಮೆ ಅಡಗಿಕೊಂಡಳು. ತೀರ್ಥಹಳ್ಳಿ ಬರುವವರೆಗೂ ಅಪ್ಪ ಮಾತಾಡುತ್ತಲೇ ಇದ್ದರು. ಹೊಸನಗರದಿಂದ ಎರಡು ಟೆಂಪೋ ಜನ ಬರುತ್ತಿದ್ದಾರಂತೆ. ಅವತ್ತು ತಾವು ಆ ಕ್ಯಾಸೆಟ್ಟು ತುಂಬಿಸದಿದ್ದರೆ ಈ ಹಾಡೇ ನಾಡಿನಲ್ಲಿ ಇರುತ್ತಿರಲಿಲ್ಲವಂತೆ. “ನಿನ್ನಮ್ಮನ ಕೆಮ್ಮು ಅದ್ರಲ್ಲಿ ಉಳ್ಕೊಂಡಿದೆ ನೋಡು, ಅಷ್ಟಾದ್ರೂ ಉಳ್ಸಿದ್ನಲ್ಲ ನಾನು,” ಎಂದರು.

ಅಮ್ಮ ತೀರಿಕೊಂಡಾಗ ಸಮತಾಳಿಗೆ ಹದಿಮೂರು. ಅಮ್ಮನ ದನಿ ಎಂದು ಉಳಿದದ್ದು ಆ ಒಂದು ಕೆಮ್ಮು. ಅದೂ ಓಡುವ ಟೇಪಿನಲ್ಲಿ ಏರಿಹೋದ ಕೆಮ್ಮು, ಅಮ್ಮ ಹಾಗೆ ಕೆಮ್ಮಿರಲೇ ಇಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಕಾರಿನ ಗಾಜಿಗೆ ಹಣೆ ಒತ್ತಿಕೊಂಡು ಅವಳು ಸದ್ದಿಲ್ಲದೆ ಅತ್ತಳು. ಭರತೇಶ ಅದನ್ನು ಕನ್ನಡಿಯಲ್ಲಿ ನೋಡಿದ. ಇಳಿಯುವಾಗ ಕಿವಿಯ ಹತ್ತಿರ ಬಂದು, “ತಗ್ಗಿನಲ್ಲಿ ಹಾಡ್ತೀಯಲ್ಲ?” ಎಂದ. ಅವಳು ಹೂಂ ಎಂದು ತಲೆಯಾಡಿಸಿದಳು.

ಈ ಸಲ ಅದು ಸುಳ್ಳಾಗಿರಲಿಲ್ಲ. ತಗ್ಗಿನಲ್ಲೇ ಹಾಡುವುದೆಂದು ಅವಳು ನಿಶ್ಚಯಿಸಿದ್ದಳು. ಮಗಳನ್ನು ಕಳೆದುಕೊಂಡವರ ಮುಂದೆ ಆ ಹಾಡನ್ನು ಕುಣಿಸುವಷ್ಟು ಕಲ್ಲೆದೆ ಅವಳದಲ್ಲ. ಗಂಟಲೂ ಉಳಿಯುತ್ತದೆ. ಅಪ್ಪ ಕೇಳಿದರೆ ಇವತ್ತು ಗಂಟಲು ಸರಿ ಇರಲಿಲ್ಲ ಎಂದರಾಯಿತು, ಸೆಲ್ಲಿನ ಸುದ್ದಿ ಅವರ ಕಿವಿಗೆ ಬೀಳುವ ಅಗತ್ಯವೇ ಇಲ್ಲ ಎಂದು ಲೆಕ್ಕ ಹಾಕಿಕೊಂಡಿದ್ದಳು.

ಸಭಾಭವನ ತುಂಬಿತ್ತು. ಮುಂದಿನ ಸಾಲಿನ ಒಂದು ತುದಿಯಲ್ಲಿ ಕಾಮಾಕ್ಷಮ್ಮ, ಇನ್ನೊಂದು ತುದಿಯಲ್ಲಿ ಅನಂತರಾಜರು, ಅವರ ಪಕ್ಕ ಭರತೇಶ. ಹಿಂದಿನ ಸಾಲುಗಳಲ್ಲಿ ಹೊಸನಗರದವರು. ಬೇರೆ ಹುಡುಗಿಯರು ಏಳು ಹಾಡು ಹಾಡಿ ಮುಗಿಸಿದರು. ತೀರ್ಥಹಳ್ಳಿಯವರು ಮನಸಾರೆ ಚಪ್ಪಾಳೆ ತಟ್ಟಿದರು, ಹೊಸನಗರದವರು ಮೊಬೈಲು ನೋಡಿಕೊಂಡು ತಮ್ಮ ಹಾಡಿಗೆ ಕಾದರು. ಸಮತಾಳ ಹೆಸರು ಕೂಗಿದ್ದೇ ಟೆಂಪೋದವರೆಲ್ಲ ನೆಟ್ಟಗೆ ಕೂತರು, ಯಾರೋ ಸಿಳ್ಳೆಯನ್ನೂ ಹಾಕಿದರು.

ಟ್ರ್ಯಾಕ್ ಶುರುವಾಯಿತು. ಕೊಳಲು ಬಂತು, ತನ್ನ ಪಾಡಿಗೆ ತಾನು, ನಿಧಾನವಾಗಿ. ಸಮತಾ ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿಕೊಂಡಳು. ಸಭೆಯ ಹಿಂದಿನಿಂದ ಗುಸುಗುಸು ಎದ್ದಿತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನಿಂದ ಅಪ್ಪನ ದನಿ ಕೇಳಿಸಿತು.

“ಏಯ್, ನಿಲ್ಸಿ ನಿಲ್ಸಿ! ಸೆಲ್ ವೀಕಾಗಿದೆ ಮಾರಾಯ್ರೆ, ಹಾಡು ಎಳೀತಾ ಇದೆ! ಬದಲ್ಸಿ ಹಾಕಿ!”

ಅನಂತರಾಜರು ಎದ್ದು ನಿಂತಿದ್ದರು. ಮಗಳ ಹಾಡನ್ನು ಯಾರೋ ಕೆಡಿಸುತ್ತಿದ್ದಾರೆ ಎಂಬ ಗಾಬರಿ ಅವರ ಮುಖದಲ್ಲಿತ್ತು. ಹಿಂದಿನವರೂ, “ಹೌದೌದು, ಸ್ಲೋ ಆಗಿದೆ,” ಎಂದು ದನಿಗೂಡಿಸಿದರು. ಸೌಜನ್ಯ ಏನು ಮಾಡುವುದೆಂದು ತೋಚದೆ ಟ್ರ್ಯಾಕ್ ನಿಲ್ಲಿಸಿದಳು.

ಆ ನಿಶ್ಶಬ್ದದಲ್ಲಿ ಕಾಮಾಕ್ಷಮ್ಮ ಕೂತಲ್ಲಿಂದಲೇ ತಿರುಗಿ ಹೇಳಿದರು. “ಸೆಲ್ ವೀಕಾಗಿದ್ದು ನಿಮ್ಮನೆ ಟೇಪಿಂದು ಸ್ವಾಮೀ, ನಮ್ದಲ್ಲ. ಬಚ್ಚಲೊಲೆ ಮೇಲೆ ಸೆಲ್ ಕಾಯ್ಸಿ ತುಂಬ್ಸಿದ್ರಂತಲ್ಲ? ನನ್ನ ಹಾಡು ಹಾಳಾಗಿದ್ದು ಅಲ್ಲಿ.”

ಇಡೀ ಸಭೆ ಘೊಳ್ಳೆಂದು ನಕ್ಕಿತು. ಕೆಟ್ಟ ಮನಸ್ಸಿನಿಂದ ನಕ್ಕವರಲ್ಲ, ಪ್ರತಿಯೊಬ್ಬರ ಮನೆಯಲ್ಲೂ ಯಾರೋ ಒಬ್ಬರು ಸೆಲ್ಲು ಕಾಯಿಸಿದವರೇ. ಆದರೆ ಅನಂತರಾಜರು ನಗಲಿಲ್ಲ. ಅವರು ಕಾಮಾಕ್ಷಮ್ಮನನ್ನು ನೋಡಲೂ ಇಲ್ಲ. ಮಗಳನ್ನು ನೋಡಿದರು. ಈ ಸೆಲ್ಲಿನ ಸಂಗತಿ ಗೊತ್ತಿದ್ದವರು ಪ್ರಪಂಚದಲ್ಲಿ ಇಬ್ಬರೇ, ಅದರಲ್ಲೊಬ್ಬಳು ಮೈಕಿನ ಮುಂದೆ ನಿಂತಿದ್ದಾಳೆ. ನಗು ಹೆಚ್ಚಾದ ಹಾಗೆ ಅವರು ಜುಬ್ಬದ ಅಂಚು ಎಳೆದುಕೊಳ್ಳುತ್ತ ಮೆಲ್ಲಗೆ ಕೂತರು. ಅಷ್ಟು ಚಿಕ್ಕವರಾಗಿ ಅವರು ಕೂತದ್ದನ್ನು ಸಮತಾ ಎಂದೂ ಕಂಡಿರಲಿಲ್ಲ.

ಅವಳ ರಕ್ತ ಕುದಿಯಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ನಕ್ಕ ಜನದ ಮೇಲೆ, ಆ ಹೆಂಗಸಿನ ನೇರ ನಾಲಿಗೆಯ ಮೇಲೆ, ಎಲ್ಲಕ್ಕಿಂತ ಮೊದಲು ಬೆಳಿಗ್ಗೆ ಬಾಯಿ ಬಿಟ್ಟ ತನ್ನ ಮೇಲೆ. ಸೌಜನ್ಯ ಮತ್ತೆ ಗುಂಡಿಯ ಮೇಲೆ ಬೆರಳಿಟ್ಟದ್ದನ್ನು ಕಂಡು ಅವಳು ಕೈಯೆತ್ತಿ ಬೇಡವೆಂದಳು. ಮೈಕನ್ನು ಹತ್ತಿರ ಎಳೆದುಕೊಂಡು, ವಾದ್ಯವೊಂದೂ ಇಲ್ಲದೆ, ಮೂರು ಮನೆ ಮೇಲಿನಿಂದ ಎತ್ತಿಕೊಂಡಳು.

ಹೊಸನಗರದವರು ಹೋ ಎಂದರು. ಚಪ್ಪಾಳೆ ತಾಳಕ್ಕೆ ಬಿತ್ತು. ಹಾಡು ಅವಳ ಗಂಟಲಿನಿಂದ ಹೊರಗೆ ಹಾರಿತು, ಅವಳದೇ ಹಾಡು, ಅವಳ ಅಪ್ಪ ತಂದುಕೊಟ್ಟ ಹಾಡು. ಮೊದಲ ಚರಣ ದಾಟಿತು. ಎರಡನೆಯದರ ಅರ್ಧದಲ್ಲಿ ಗಂಟಲ ಒಳಗೆ ಏನೋ ಕಿತ್ತ ಹಾಗಾಯಿತು, ಉಗುಳು ಉಪ್ಪಾಯಿತು. ಕಾಮಾಕ್ಷಮ್ಮ ತಲೆ ಬಗ್ಗಿಸಿ ತಮ್ಮ ಎರಡೂ ಕಿವಿಗೆ ಸೆರಗು ಒತ್ತಿಕೊಂಡದ್ದು ಅವಳಿಗೆ ಕಾಣಿಸಿತು. ಕಂಡರೂ ನಿಲ್ಲಿಸಲಾಗಲಿಲ್ಲ. ಮೂರನೇ ಚರಣದ ತುದಿಯಲ್ಲಿ ‘ಬಾ’ ಎಂದು ಮೂರು ಸಲ ಕರೆಯಬೇಕು, ಒಂದಕ್ಕಿಂತ ಒಂದು ಮೇಲೆ. ಡಾಕ್ಟರು ಹೇಳಿದ ಒಡೆಯುವ ಜಾಗ ಅದೇ ಎಂದು ಅವಳಿಗೆ ಗೊತ್ತಿತ್ತು. ಹೋಗಲಿ ಎಂದುಕೊಂಡಳು. ಹೋಗುವುದಾದರೆ ಅಪ್ಪನ ಎದುರು ಅಪ್ಪನ ಹಾಡಿನಲ್ಲೇ ಹೋಗಲಿ.

ಆಗ ಭರತೇಶ ಅಪ್ಪನ ತೋಳು ಹಿಡಿದು ಕಿವಿಯಲ್ಲಿ ಏನೋ ಹೇಳುವುದು ಕಂಡಿತು. ಬೇಡವೆಂದು ಅವಳು ಕಣ್ಣಲ್ಲೇ ಗದರಿದಳು, ಅವನು ಅವಳತ್ತ ನೋಡಲೇ ಇಲ್ಲ. ಅಪ್ಪನ ಬಾಯಿ ಅರೆ ತೆರೆಯಿತು. ಅವರ ಕೈ ತಾನಾಗಿ ತಮ್ಮದೇ ಗಂಟಲಿಗೆ ಹೋಯಿತು. ಮರುಕ್ಷಣ ಅವರು ಎದ್ದು, ಚಪ್ಪಲಿಯನ್ನೂ ಮೆಟ್ಟದೆ, ವೇದಿಕೆಯ ಮೆಟ್ಟಿಲುಗಳನ್ನು ಮಂಡಿಯ ಮೇಲೆ ಕೈಯೂರಿ ಹತ್ತತೊಡಗಿದರು.

ಸಮತಾ ಮೂರನೇ ಚರಣಕ್ಕೆ ಬಂದಿದ್ದಳು. ಉಸಿರು ತುಂಬಿಕೊಂಡು ಮೊದಲ ‘ಬಾ’ಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅನಂತರಾಜರು ಬಂದು ಮೈಕಿನ ಮೇಲೆ ಅಂಗೈ ಮುಚ್ಚಿದರು. ಚಪ್ಪಾಳೆ ತಡವರಿಸಿ ನಿಂತಿತು.

“ಸಾಕು ಮಗಾ. ಇಳ್ಸು.”

“ಅಪ್ಪಾ, ನೀವು ಹೋಗಿ ಕೂತ್ಕೊಳಿ.” ದನಿ ಆಗಲೇ ಒಡೆದಿತ್ತು, ಅರ್ಧ ಗಾಳಿ.

“ಇಳ್ಸು ಅಂದ್ನಲ್ಲ.” ಅವರು ಮೈಕು ಬಿಡಲಿಲ್ಲ. “ಅಮ್ಮಾವ್ರು ಹೇಳಿದ್ದೇ ಸರಿ. ನಂದೇ ತಪ್ಪು. ಆ ಹಾಡು ನಂಗೆ ಬೇಡ, ನಂಗೆ ನಿನ್ನ ಗಂಟ್ಲು ಬೇಕು.”

ಅವಳು ತಲೆಯಾಡಿಸಿದಳು. ಅಳು ಬಂದು ಬಾಯಿ ಸೊಟ್ಟಗಾಯಿತು. ಅವರು ಅವಳನ್ನು ಕಾಯದೆ ಸೌಜನ್ಯಳ ಕಡೆ ತಿರುಗಿ, “ಹಾಕು ತಂಗೀ, ನಿಧಾನದ್ದೇ ಹಾಕು,” ಎಂದರು. ಆಮೇಲೆ ಮೈಕಿನಿಂದ ಕೈ ತೆಗೆದು ಕಾಮಾಕ್ಷಮ್ಮನ ಕಡೆ ನೋಡಿ ಕೈ ಜೋಡಿಸಿದರು. ಕಾಮಾಕ್ಷಮ್ಮ ಕಿವಿಯಿಂದ ಸೆರಗು ತೆಗೆದು ತಾವೂ ಕೈ ಜೋಡಿಸಿದರು. ಇಳಿದು ಹೋಗಲು ಮಂಡಿ ಕೇಳಲಿಲ್ಲವೋ, ಮಗಳನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲವೋ, ಅನಂತರಾಜರು ವೇದಿಕೆಯ ಅಂಚಿನಲ್ಲೇ ಅವಳ ಕಾಲ ಬಳಿ ಕೂತರು.

ಕೊಳಲು ಮತ್ತೆ ಮೊದಲಿನಿಂದ ಬಂತು. ಸಮತಾ ಕಣ್ಣೊರೆಸಿಕೊಂಡು, ಉಳಿದಷ್ಟು ದನಿಯಲ್ಲಿ, ಮಾತಾಡುವಷ್ಟೇ ಮೆಲ್ಲಗೆ ಹಾಡಿದಳು. ಟೆಂಪೋದವರು ಚಪ್ಪಾಳೆಗೆ ತಾಳ ಸಿಗದೆ ಕೈ ಇಳಿಸಿದರು. ಸಾಲುಗಳ ನಡುವಿನ ಬಿಡುವು ಉದ್ದವಾಗಿತ್ತು, ಆ ಬಿಡುವಿನಲ್ಲಿ ಸಭೆಯಲ್ಲಿ ಯಾರೋ ಮೂಗು ಒರೆಸಿಕೊಳ್ಳುವುದೂ ಕೇಳುತ್ತಿತ್ತು. ಕೊನೆಯ ಮೂರು ‘ಬಾ’ಗಳಿಗೆ ಅವಳು ಏರಬೇಕಾಗಲಿಲ್ಲ, ಬಾಗಿಲಲ್ಲಿ ನಿಂತು ಕರೆದರೆ ಸಾಕಾಗಿತ್ತು.

ಕೆಳಗೆ ಅಪ್ಪ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮೂವತ್ತು ವರ್ಷದ ರೂಢಿಗೆ ಅವರ ಕೈ ಪ್ರತಿ ಸಾಲಿನಲ್ಲೂ ಮುಂದೆ ಓಡುತ್ತಿತ್ತು. ಓಡಿದಾಗಲೆಲ್ಲ ಅವರು ಅದನ್ನು ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸಿ, ಮಗಳು ಬರುವವರೆಗೆ ಕಾಯುತ್ತಿದ್ದರು.